ಮೆಣಸು ಕೊಯ್ಲಿನ ಅಲ್ಯೂಮಿನಿಯಂ ಏಣಿ: ಹೊಳಪು ಬಿಡಿ, ಮೆಟ್ಟಿಲು ಕೂರಿಸಿದ ಜಾಗ ನೋಡಿ

ಮೂಡಿಗೆರೆ, ಸಕಲೇಶಪುರ, ಚಿಕ್ಕಮಗಳೂರು ಕಡೆ ಮೆಣಸು ಕೊಯ್ಲಿಗೆಂದು ಮಾರುವ 20 ಅಡಿಯ ಅಲ್ಯೂಮಿನಿಯಂ ಏಣಿಯಲ್ಲಿ ಎರಡು ಜಾತಿ. ಒಂದರಲ್ಲಿ ಮೆಟ್ಟಿಲನ್ನು ಪಕ್ಕದ ಪೈಪಿಗೆ ವೆಲ್ಡಿಂಗ್ ಮಾಡಿರುತ್ತಾರೆ. ಇನ್ನೊಂದರಲ್ಲಿ ಪೈಪಿಗೆ ತೂತು ಕೊರೆದು, ಮೆಟ್ಟಿಲು ತೂರಿಸಿ, ತುದಿ ಅರಳಿಸಿ ರಿವೆಟ್ ಹೊಡೆದಿರುತ್ತಾರೆ. ನೋಡೋಕೆ ವೆಲ್ಡಿಂಗಿನದೇ ಗಟ್ಟಿಮುಟ್ಟು. ಕೊಳ್ಳಬೇಕಾದ್ದು ಮಾತ್ರ ರಿವೆಟ್ಟಿನದು.

ಈ ಪೈಪು ಸಾಮಾನ್ಯವಾಗಿ 6063 ಮಿಶ್ರಲೋಹದ್ದು. ಹಳೇ ವ್ಯಾಪಾರಿಗಳು ಎಚ್‌ಇ-9 ಅನ್ನುತ್ತಾರೆ, ಭಾರತೀಯ ಮಾನಕ ಐಎಸ್ 733ರಲ್ಲಿ ಇದರ ಸಂಖ್ಯೆ 63400. ಅಲ್ಯೂಮಿನಿಯಮ್ಮಿಗೆ ಶೇ 0.45ರಿಂದ 0.9ರಷ್ಟು ಮೆಗ್ನೀಸಿಯಂ, ಶೇ 0.2ರಿಂದ 0.6ರಷ್ಟು ಸಿಲಿಕಾನ್ ಸೇರಿರುತ್ತದೆ. ಕಾಯಿಸಿದ ದಿಮ್ಮಿಯನ್ನು ಡೈ (ಅಚ್ಚು) ಮೂಲಕ ಒತ್ತಿ ಪೈಪ್ ತೆಗೆಯುತ್ತಾರೆ. ತಣಿಸಿದ ಮೇಲೆ 175 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಸುಮಾರು 8 ಗಂಟೆ ಇಟ್ಟರೆ ಲೋಹದೊಳಗೆ ಮೆಗ್ನೀಸಿಯಂ-ಸಿಲಿಕಾನಿನ ಸೂಕ್ಷ್ಮ ಕಣಗಳು ಮೂಡಿ ಗಟ್ಟಿಯಾಗುತ್ತದೆ. ಟಿ6 ಅನ್ನುವುದು ಈ ಹದಕ್ಕೆ. ಲೋಹದ ಮೇಲೆ ಬೀಳುವ ಎಳೆತವನ್ನು ಮೆಗಾಪ್ಯಾಸ್ಕಲ್‌ನಲ್ಲಿ ಅಳೆಯುತ್ತಾರೆ; ಇಂಥ ಪೈಪು ಸುಮಾರು 170 ಮೆಗಾಪ್ಯಾಸ್ಕಲ್ ಎಳೆತದವರೆಗೆ ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ.

ವೆಲ್ಡಿಂಗಿನ ಶಾಖಕ್ಕೆ ಕೆಡುವುದು ಈ ಹದವೇ. ಬೆಸುಗೆಯ ಅಕ್ಕಪಕ್ಕ ಸುಮಾರು ಒಂದಂಗುಲ ಲೋಹ ಮೆತ್ತಗಾಗಿ, ಬಲ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ವೆಲ್ಡರ್ ಎಷ್ಟೇ ಪಳಗಿದವನಾಗಿರಲಿ, ಆರ್ಗಾನ್ ಅನಿಲ ಬಳಸಲಿ, ಇದು ತಪ್ಪುವುದಿಲ್ಲ. ಪೂರ್ತಿ ಹದ ಮರಳಬೇಕಾದರೆ 520 ಡಿಗ್ರಿಗೆ ಕಾಯಿಸಿ, ತಣಿಸಿ, ಮತ್ತೆ 8 ಗಂಟೆ ಒಲೆಯಲ್ಲಿಡಬೇಕು. ಏಣಿ ಹಿಡಿಸುವಷ್ಟು ಉದ್ದದ ಒಲೆ ಯಾವ ವೆಲ್ಡಿಂಗ್ ಶಾಪಿನಲ್ಲಿದೆ? 19 ಮೆಟ್ಟಿಲಿಗೆ 38 ಬೆಸುಗೆ, ಅಂದರೆ 38 ಮೆತ್ತನೆ ಜಾಗ. ತೂತು ಕೊರೆದರೂ ಪೈಪು ಸೋಲುವುದಿಲ್ಲವೇ ಅಂತ ಕೇಳಬಹುದು. ಸೋಲುತ್ತದೆ, ಆದರೆ ಕಡಿಮೆ. ಏಣಿ ಬಾಗುವಾಗ ಎಳೆತ-ಒತ್ತಡ ಜಾಸ್ತಿ ಬೀಳುವುದು ಪೈಪಿನ ಮುಂಭಾಗಕ್ಕೆ ಮತ್ತು ಬೆನ್ನಿಗೆ. ತೂತು ಇರುವುದು ಪಕ್ಕದಲ್ಲಿ.

ಪೈಪಿನ ದಪ್ಪದಲ್ಲೇ ಮೋಸ ಹೆಚ್ಚು. 14 ಗೇಜ್ ಅಂದರೆ 2 ಮಿ.ಮೀ., 16 ಗೇಜ್ ಅಂದರೆ 1.6 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ದಪ್ಪ ಅಳೆಯುವ ವರ್ನಿಯರ್ ಇಲ್ಲದಿದ್ದರೆ ತಕ್ಕಡಿ ಸಾಕು. ಪೈಪಿನ ಹೊರ ವ್ಯಾಸದಿಂದ ದಪ್ಪ ಕಳೆದು, ಅದನ್ನು ದಪ್ಪದಿಂದಲೂ ಆಮೇಲೆ 0.0085ರಿಂದಲೂ ಗುಣಿಸಿ. ಅಳತೆ ಮಿಲಿಮೀಟರಿನಲ್ಲಿದ್ದರೆ, ಮೀಟರಿಗೆ ಇಷ್ಟು ಕಿಲೋ ಅಂತ ಬರುತ್ತದೆ. 50 ಮಿ.ಮೀ. ಪೈಪಿನ 20 ಅಡಿ ಏಣಿ, ಒಂದಡಿಗೊಂದರಂತೆ 14 ಅಂಗುಲದ ಮೆಟ್ಟಿಲು ಇದ್ದರೆ, 14 ಗೇಜಿನಲ್ಲಿ ಸುಮಾರು 12 ಕಿಲೋ ತೂಗಬೇಕು. 10 ಕಿಲೋ ತೋರಿಸಿದರೆ ಅದು 16 ಗೇಜ್. ಅಡಿ ಲೆಕ್ಕದಲ್ಲಿ ದರ ಹೇಳಿದಾಗ ಕಿಲೋಗೆ ಎಷ್ಟು ಬಿತ್ತು ಅಂತ ಅಲ್ಲೇ ಲೆಕ್ಕ ಹಾಕಿ.

ಹಗುರ ಅಂತ 38 ಮಿ.ಮೀ., 16 ಗೇಜಿನ ಏಣಿಗೆ ಮನಸ್ಸು ಹೋಗುವುದು ಸಹಜ. ಲೆಕ್ಕ ನೋಡಿ. 75 ಕಿಲೋ ಆಳು ನಡುವಿನ ಮೆಟ್ಟಿಲಲ್ಲಿ ನಿಂತರೆ, ಬುಡ ಮರದಿಂದ 5 ಅಡಿ ದೂರದಲ್ಲಿದ್ದರೆ, 50 ಮಿ.ಮೀ. 14 ಗೇಜಿನ ಏಣಿ 3 ಅಂಗುಲ ಬಾಗುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಮೂರು ಪಟ್ಟು ಬಾಗುವ ಲೋಹ, ಹೆದರಬೇಕಿಲ್ಲ. 38ರದ್ದು 8 ಅಂಗುಲ ಬಾಗುತ್ತದೆ, ಪೈಪಿನ ಮೇಲೆ 90 ಮೆಗಾಪ್ಯಾಸ್ಕಲ್‌ನಷ್ಟು ಎಳೆತ ಬೀಳುತ್ತದೆ. ಟಿ6 ಪೈಪು ಅದನ್ನು ತಾಳಿಕೊಳ್ಳುತ್ತದೆ, ವೆಲ್ಡಿಂಗ್ ಪಕ್ಕದ ಮೆತ್ತನೆ ಲೋಹ ತಾಳುವುದಿಲ್ಲ. ಕೊಯ್ಲು ಮುಗಿಯುವ ಹೊತ್ತಿಗೆ ಬಿಲ್ಲಿನಂತೆ ಬಗ್ಗಿ ಕೂರುವ ಏಣಿಗಳ ಗುಟ್ಟು ಇದೇ.

ರಿವೆಟ್ಟಿನ ಏಣಿಯಲ್ಲೂ ಮೆಟ್ಟಿಲ ತುದಿ ಅರಳಿಸಿದ ಕಡೆ ಬೆರಳಾಡಿಸಿ. ಉದ್ದಕ್ಕೆ ಕೂದಲೆಳೆ ಸೀಳು ಸಿಕ್ಕರೆ ಆ ಪೈಪು ಬೇಡ. ಟೊಳ್ಳು ಪೈಪು ಒತ್ತುವಾಗ ಲೋಹ ಡೈಯೊಳಗೆ ಕವಲೊಡೆದು ಮತ್ತೆ ಕೂಡಿಕೊಳ್ಳುತ್ತದೆ, ಆ ಕೂಡುಗೆರೆ ಸರಿಯಾಗಿ ಬೆಸೆಯದಿದ್ದರೆ ಅಲ್ಲೇ ಬಿಡುತ್ತದೆ. ಎರಡು ತುಂಡು ಜೋಡಿಸುವ ಏಣಿಯಾದರೆ ಒಳತೋಳು (ಪೈಪಿನೊಳಗೆ ಕೂರುವ ಜೋಡಣೆ ತುಂಡು) ಎರಡೂ ಕಡೆ ಒಂದಡಿಯಾದರೂ ಹೋಗಬೇಕು, ಎರಕದ ಅಲ್ಯೂಮಿನಿಯಂ ಕೀಲು ಬೇಡ, ಅದು ಬಾಗದೆ ಬಿರಿಯುತ್ತದೆ. ಬೋಲ್ಟು ಸ್ಟೇನ್‌ಲೆಸ್ ಇರಲಿ. ಸಾದಾ ಕಬ್ಬಿಣದ್ದಾದರೆ ಮಲೆನಾಡಿನ ಮಳೆಗೆ ಅದು ತುಕ್ಕು ಹಿಡಿದು, ಸುತ್ತಲ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತೂತು ಸಡಿಲವಾಗುತ್ತದೆ. ತುದಿಗೆ, ಮೆಣಸು ಹಬ್ಬಿಸಿದ ಸಿಲ್ವರ್ ಓಕ್ ಮರ ತಬ್ಬುವಂತೆ ಬಾಗಿದ ಕೊಕ್ಕೆ, ಕಟ್ಟಲು ಹಗ್ಗ, ಬುಡಕ್ಕೆ ಮಣ್ಣಿಗಿಳಿಯುವ ಚೂಪು. ರಬ್ಬರ್ ಬೂಟು ಸಿಮೆಂಟ್ ಕಣಕ್ಕೆ ಸರಿ, ತೋಟಕ್ಕಲ್ಲ.

ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯಲು ಇದೇ ಏಣಿ ಬಳಸುವವರು ಅದೇ ದಿನ ತೊಳೆದಿಡಬೇಕು. ಮೈಲುತುತ್ತದ ತಾಮ್ರ ಅಲ್ಯೂಮಿನಿಯಂ ಮೇಲೆ ಕೂತರೆ ಚುಕ್ಕೆ ಚುಕ್ಕೆಯಾಗಿ ಕುಳಿ ಬೀಳುತ್ತದೆ. ಸುಣ್ಣವೂ ಈ ಲೋಹಕ್ಕೆ ಆಗದು. 16 ಗೇಜಿನ ಪೈಪಿನಲ್ಲಿ ಕುಳಿ ಬೀಳಲು ಇರುವ ದಪ್ಪವಾದರೂ ಎಷ್ಟು!

ಯಾವ ಏಣಿ ಕೊಳ್ಳುವ ಮೊದಲೂ ತೋಟದ ರೈಟರ್‌ಗೆ (ಆಳುಗಳ ಮೇಲ್ವಿಚಾರಕನಿಗೆ) ಹೇಳಬೇಕಾದ ಮಾತು ಒಂದಿದೆ. ಕರೆಂಟ್ ತಂತಿ ಹಾದುಹೋದ ಸಾಲಿಗೆ ಅಲ್ಯೂಮಿನಿಯಂ ಏಣಿ ಒಯ್ಯಬಾರದು. 20 ಅಡಿ ಏಣಿಯನ್ನು ನೆಟ್ಟಗೆ ಹಿಡಿದು ಮರದಿಂದ ಮರಕ್ಕೆ ಸಾಗಿಸುವಾಗಲೇ ತುದಿ 11 ಕೆವಿ ತಂತಿಗೆ ತಾಗುವುದು. ಬಣ್ಣ ಬಳಿದರೂ, ಟೇಪ್ ಸುತ್ತಿದರೂ, ಆನೋಡೈಸ್ ಮಾಡಿಸಿದರೂ ಪ್ರಯೋಜನವಿಲ್ಲ. ಆ ಸಾಲುಗಳಿಗೆ ಒಣಗಿದ ಬಿದಿರು ಅಥವಾ ಫೈಬರ್ ಏಣಿ ಇಟ್ಟುಕೊಳ್ಳಿ. ಆಗಲೂ ಹಾಸನ ಕಡೆಯಾದರೆ ಸೆಸ್ಕ್‌ಗೆ, ಚಿಕ್ಕಮಗಳೂರಾದರೆ ಮೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸಿದ ಮೇಲೆಯೇ ಆಳು ಹತ್ತಲಿ.

ಒಮ್ಮೆ ಬಗ್ಗಿದ ಪೈಪನ್ನು ಗ್ಯಾಸ್ ಹಚ್ಚಿ ನೆಟ್ಟಗೆ ಮಾಡಿಸಬೇಡಿ, ಉಳಿದ ಹದವೂ ಹೋಗುತ್ತದೆ. ಬಗ್ಗಿದಲ್ಲಿ ಕತ್ತರಿಸಿ, ನೆಟ್ಟಗಿರುವ ಭಾಗವನ್ನು ಗಿಡ್ಡ ಮರಗಳ ಕೊಯ್ಲಿಗೆ ಇಟ್ಟುಕೊಂಡು, ಮಿಕ್ಕಿದ್ದನ್ನು ಗುಜರಿಗೆ ಕೊಡಿ.