ಪೆರುವಿಗೆ ‘ಗ್ಯಾಪ್ ಸೆಮಿಸ್ಟರ್’: ಅಡ್ವಾನ್ಸ್ ಕಟ್ಟುವ ಮೊದಲು ಇದನ್ನು ಓದಿ

ಹಾಸನ, ಚಿಕ್ಕಮಗಳೂರು, ಸಕಲೇಶಪುರ ಕಡೆಯ ಕಾಲೇಜು ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸೆಮಿಸ್ಟರ್ ಕಾಲೇಜು ಬಿಟ್ಟು ಹೋಗುವ ‘ಗ್ಯಾಪ್ ಸೆಮಿಸ್ಟರ್’ ಪ್ಯಾಕೇಜಿನ ಪೋಸ್ಟರ್ ಮತ್ತೆ ಓಡಾಡುತ್ತಿದೆ. ಹತ್ತು ವಾರ ಪೆರು ದೇಶ. ಅಲ್ಲಿನ ಕುಸ್ಕೋ ಊರಿನಲ್ಲಿ ಸ್ಪ್ಯಾನಿಷ್ ಕಲಿಕೆ, ಅನಾಥಾಲಯದಲ್ಲಿ ಸೇವೆ, ಕಾಫಿ ತೋಟದಲ್ಲಿ ಕುಯ್ಲು, ಜೊತೆಗೆ ಇಂಕಾ ಟ್ರೇಲ್ ಎಂಬ ಹಳೆಯ ಕಾಲುದಾರಿ ನಡೆದು ಮಾಚು ಪಿಚು ಎಂಬ ಪುರಾತನ ನಗರ. ಎಲ್ಲ ಸೇರಿ ಒಂದೇ ದರ, ಐದು ಲಕ್ಷದ ಆಸುಪಾಸು. ಕಳೆದ ಸಲ ಇದೇ ಪ್ಯಾಕೇಜಿನಲ್ಲಿ ಹೋದ ಇಲ್ಲಿನ ಹುಡುಗ ಹುಡುಗಿಯರಿಗೆ ಆದದ್ದನ್ನು ಕೆಳಗೆ ಬರೆದಿದೆ. ಸಂಸ್ಥೆಯ ಹೆಸರು ಬೇಕಿಲ್ಲ. ಬೋರ್ಡ್ ಬದಲಾಯಿಸಿ ಬರುವುದು ಇವರಿಗೆ ಕಷ್ಟವಲ್ಲ, ವಿಧಾನ ಮಾತ್ರ ಅದೇ.

ಎಡವಟ್ಟು ಶುರುವಾದದ್ದು ತಾರೀಖಿನಿಂದ. ಫೆಬ್ರವರಿಯಿಂದ ಏಪ್ರಿಲ್ ಎಂದು ಗೊತ್ತು ಮಾಡಿದ್ದು ನಮ್ಮ ಸೆಮಿಸ್ಟರ್ ನೋಡಿಕೊಂಡು. ಪೆರುವಿನ ಮಳೆ ಯಾವಾಗ ಎಂದು ಯಾರೂ ನೋಡಲಿಲ್ಲ. ಕುಸ್ಕೋ ಸೀಮೆಯಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಜೋರು ಮಳೆ. 2010ರ ಜನವರಿಯಲ್ಲಿ ಮಾಚು ಪಿಚುವಿನ ರೈಲು ಹಳಿ ಪ್ರವಾಹಕ್ಕೆ ಕೊಚ್ಚಿಹೋಗಿ, ಸಿಕ್ಕಿಬಿದ್ದ ಸಾವಿರಾರು ಪ್ರವಾಸಿಗರನ್ನು ಹೆಲಿಕಾಪ್ಟರ್‌ನಲ್ಲಿ ಹೊರತರಬೇಕಾಯಿತು. ಈ ಮಳೆಯ ಕಾರಣಕ್ಕೇ ಇಂಕಾ ಟ್ರೇಲನ್ನು ಪ್ರತಿ ವರ್ಷ ಇಡೀ ಫೆಬ್ರವರಿ ದುರಸ್ತಿಗೆಂದು ಮುಚ್ಚುತ್ತಾರೆ. ಪೋಸ್ಟರ್‌ನಲ್ಲಿ ಟ್ರೆಕ್ಕಿನ ತಾರೀಖು ಫೆಬ್ರವರಿ ಕೊನೆಯ ವಾರ!

ದಾರಿ ತೆರೆದಿರುವ ತಿಂಗಳುಗಳಲ್ಲೂ ದಿನಕ್ಕೆ 500 ಪರ್ಮಿಟ್ ಮಾತ್ರ, ಗೈಡುಗಳು ಮತ್ತು ಹೊರೆಯಾಳುಗಳೂ ಆ ಲೆಕ್ಕದೊಳಗೆ. ಅಲ್ಲಿನ ಲೈಸೆನ್ಸ್ ಇರುವ ಏಜೆನ್ಸಿ ಮೂಲಕವೇ, ಪಾಸ್‌ಪೋರ್ಟ್ ನಂಬರ್ ಕೊಟ್ಟು, ತಿಂಗಳುಗಟ್ಟಲೆ ಮುಂಚೆ ತೆಗೆಸಬೇಕು. ಒಬ್ಬರ ಪರ್ಮಿಟ್ ಇನ್ನೊಬ್ಬರಿಗೆ ಆಗುವುದಿಲ್ಲ. ಆದ್ದರಿಂದ ‘ಇಂಕಾ ಟ್ರೇಲ್ ಖಂಡಿತ’ ಎನ್ನುವವರ ಹತ್ತಿರ ನಿಮ್ಮ ಪಾಸ್‌ಪೋರ್ಟ್ ನಂಬರ್ ಇರುವ ಪರ್ಮಿಟ್ ಕೇಳಿ. ಪಾಸ್‌ಪೋರ್ಟ್ ಪ್ರತಿಯನ್ನೇ ಇನ್ನೂ ಪಡೆಯದವರು ಪರ್ಮಿಟ್ ಆಗಿದೆ ಎಂದರೆ ಅದು ಸುಳ್ಳು. ಈ ಗುಂಪಿನ ಒಪ್ಪಂದದಲ್ಲಿ ‘ಇಂಕಾ ಟ್ರೇಲ್ ಅಥವಾ ಲಭ್ಯವಿರುವ ಬೇರೆ ದಾರಿ’ ಎಂದಿತ್ತು. ಬೇರೆ ದಾರಿಯೆಂದು ಸಿಕ್ಕಿದ್ದು ಸಾಲ್ಕಂಟೈ. ಅದಕ್ಕೆ ಆ ಪರ್ಮಿಟ್ ಬೇಡ, ಆದರೆ 4,600 ಮೀಟರ್ ದಾಟಿದ ಬೆಟ್ಟದ ಕಣಿವೆದಾರಿ ಹತ್ತಬೇಕು, ಅದೂ ಮಳೆಯಲ್ಲಿ.

ಕಾಫಿಯ ಕಥೆಯೂ ಹೀಗೇ. ಕುಸ್ಕೋ ಪ್ರಾಂತ್ಯದ ಕಿಯಾಬಂಬಾ ಕಡೆ ಒಳ್ಳೆಯ ಅರೇಬಿಕಾ ಬೆಳೆಯುತ್ತಾರೆ ಎನ್ನುವುದು ನಿಜ. ಆದರೆ ಅದು ಭೂಮಧ್ಯರೇಖೆಯ ಆಚೆ. ನಮ್ಮಲ್ಲಿ ಅರೇಬಿಕಾ ಕುಯ್ಲು ಜನವರಿಗೆ ಮುಗಿಯುತ್ತ ಬಂದರೆ, ಅಲ್ಲಿ ಏಪ್ರಿಲ್ ಹೊತ್ತಿಗೆ ಶುರುವಾಗುತ್ತದೆ. ಮಾರ್ಚ್ ಮೊದಲ ವಾರ ಹೋದ ಮಕ್ಕಳಿಗೆ ಕುಯ್ಯಲು ಹಣ್ಣೇ ಇರಲಿಲ್ಲ, ಕಳೆ ತೆಗೆದರು. ಮೂಡಿಗೆರೆಯಲ್ಲಿ ಕೂಲಿ ಕೊಡುತ್ತೇವೆಂದರೂ ಆಳು ಸಿಗದ ಕೆಲಸವನ್ನು ನಮ್ಮ ಮನೆಯ ಮಕ್ಕಳು ದುಡ್ಡು ಕೊಟ್ಟು ಮಾಡಿ ಬಂದರು. ತೋಟದ ಮನೆಯವರಾದರೂ ‘ಅಲ್ಲಿ ಕುಯ್ಲು ಯಾವಾಗ?’ ಎಂದು ಕೇಳಬಹುದಿತ್ತು.

ನಿಜವಾದ ಅಪಾಯ ಇದ್ದದ್ದು ಎತ್ತರದಲ್ಲಿ. ಮುಳ್ಳಯ್ಯನಗಿರಿ ಹತ್ತಿದ ಕಾಲಿಗೆ ಇನ್ನೇನು ಎನ್ನುವ ಧೈರ್ಯ ನಮ್ಮವರಿಗೆ ಜಾಸ್ತಿ. ಮುಳ್ಳಯ್ಯನಗಿರಿ 1,930 ಮೀಟರ್, ಕುಸ್ಕೋ ಊರೇ ಸುಮಾರು 3,400 ಮೀಟರ್. ಆಮ್ಲಜನಕದ ಕೊರತೆಯಿಂದ ಬರುವ ತಲೆನೋವು, ವಾಂತಿ, ನಿದ್ದೆಗೇಡು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಶುರುವಾಗುತ್ತವೆ. ದಿನಾ ಓಡುವ ಹುಡುಗನಿಗೂ ಬರಬಹುದು, ಮೈಯ ಗಟ್ಟಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ಗುಂಪನ್ನು ಸಮುದ್ರಮಟ್ಟದ ಲಿಮಾದಿಂದ ಬೆಳಿಗ್ಗೆಯ ವಿಮಾನದಲ್ಲಿ ಕುಸ್ಕೋಗೆ ತಂದು, ಮಧ್ಯಾಹ್ನವೇ ಊರು ಸುತ್ತಿಸಿ, ಮರುದಿನ ತರಗತಿಯಲ್ಲಿ ಕೂರಿಸಿದರು. ಅರ್ಧದಷ್ಟು ಮಂದಿ ಹಾಸಿಗೆ ಹಿಡಿದರು. ಒಬ್ಬ ಹುಡುಗನಿಗೆ ಮಲಗಿದಾಗಲೂ ಏದುಸಿರು, ಕೆಮ್ಮು. ಅದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಲಕ್ಷಣ, ತಡಮಾಡಿದರೆ ಜೀವಕ್ಕೇ ಕುತ್ತು. ಆ ಸ್ಥಿತಿಯಲ್ಲಿ ಮೊದಲು ಆಗಬೇಕಾದದ್ದು ಆಮ್ಲಜನಕ ಕೊಡುವುದು, ಕೆಳಗಿನ ಊರಿಗೆ ಇಳಿಸುವುದು. ಗುಂಪಿನ ಮುಖ್ಯಸ್ಥ ಕೊಟ್ಟದ್ದು ಕೋಕಾ ಎಲೆಯ ಚಹಾ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಕುಸ್ಕೋದಲ್ಲಿ ಇಳಿದ ದಿನವೇ ವಾಹನದಲ್ಲಿ 2,800 ಮೀಟರಿನ ಒಯಾಂಟಾಯ್ಟಂಬೊ ಕಡೆಗೆ ಇಳಿದು, ಎರಡು ಮೂರು ರಾತ್ರಿ ಅಲ್ಲಿ ಮಲಗಿ, ಆಮೇಲೆ ಕುಸ್ಕೋಗೆ ಮೇಲೇರುವುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಪೂರ್ತಿ ವಿರಾಮ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯ ವಿಷಯ ಹೊರಡುವ ಮುಂಚೆಯೇ ವೈದ್ಯರ ಹತ್ತಿರ ಮಾತಾಡಿ, ಸಲ್ಫಾ ಔಷಧಿ ಒಗ್ಗದವರು ಅದನ್ನು ತಪ್ಪದೆ ಹೇಳಿ. ಪ್ಯಾಕೇಜಿನ ಮೊದಲ ನಾಲ್ಕು ರಾತ್ರಿ ಯಾವ ಊರಿನಲ್ಲಿ, ಎಷ್ಟು ಎತ್ತರದಲ್ಲಿ ಎಂದು ಕೇಳಿದರೆ ಆ ಸಂಸ್ಥೆಗೆ ಕೆಲಸ ಗೊತ್ತಿದೆಯೇ ಎನ್ನುವುದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಆಸ್ಪತ್ರೆಯ ಬಿಲ್ಲು ಬಂದಾಗ ಇನ್ಶೂರೆನ್ಸ್ ಹೊರತೆಗೆದರು. ಪಾಲಿಸಿ ಇತ್ತು, ಆದರೆ 3,000 ಮೀಟರಿನ ಮೇಲಿನ ಟ್ರೆಕ್ಕಿಂಗ್ ಮತ್ತು ಸಾಹಸ ಕ್ರೀಡೆಗಳು ಅದರಿಂದ ಹೊರಗೆ. ಆ ಹುಡುಗ ಟ್ರೆಕ್ಕಿನಲ್ಲಲ್ಲ, ಕುಸ್ಕೋ ಊರಿನಲ್ಲೇ ಕಾಯಿಲೆ ಬಿದ್ದಿದ್ದರಿಂದ ಬಹಳ ಪತ್ರವ್ಯವಹಾರದ ಮೇಲೆ ಒಂದಿಷ್ಟು ಹಣ ಬಂತು. ಸಾಲ್ಕಂಟೈನಲ್ಲಿ ಕಾಲು ಉಳುಕಿ ಕುದುರೆ ಮೇಲೆ ಇಳಿದ ಹುಡುಗಿಗೆ ಏನೂ ಸಿಗಲಿಲ್ಲ. ‘ಇನ್ಶೂರೆನ್ಸ್ ಸೇರಿದೆ’ ಎಂಬ ಮಾತು ಸಾಲದು. ನಿಮ್ಮ ಹೆಸರಿನ ಪಾಲಿಸಿಯ ಪಿಡಿಎಫ್ ತರಿಸಿಕೊಂಡು, ಹೊರಗಿಟ್ಟ ವಿಷಯಗಳ ಪುಟ ಓದಿ, ಇನ್ಶೂರೆನ್ಸ್ ಕಂಪನಿಗೇ ಫೋನ್ ಮಾಡಿ ಎತ್ತರದ ಮಿತಿ ಕೇಳಿ.

ಸ್ಪ್ಯಾನಿಷ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹತ್ತು ವಾರದಲ್ಲಿ ಬಿ2, ಅಂದರೆ ಸರಾಗವಾಗಿ ಮಾತಾಡುವ ಮಟ್ಟ, ಎಂದಿದ್ದರು. ಏನೂ ಬಾರದವರು ಮೊದಲ ಮೆಟ್ಟಿಲಾದ ಎ1 ಮುಟ್ಟಲೇ ಎಂಬತ್ತು ನೂರು ಗಂಟೆ ಬೇಕು, ಇವರಿಗೆ ಸಿಕ್ಕಿದ್ದು ನಲವತ್ತು. ಕೈಗೆ ಬಂದ ಸರ್ಟಿಫಿಕೇಟು ಆ ಶಾಲೆಯದ್ದೇ. ಉದ್ಯೋಗಕ್ಕೆ ಲೆಕ್ಕಕ್ಕೆ ಬರುವುದು ಸ್ಪ್ಯಾನಿಷ್‌ನ ಅಧಿಕೃತ ಪರೀಕ್ಷೆಯಾದ ಡೆಲೆ, ಅದನ್ನು ಭಾರತದಲ್ಲೇ ಬರೆಯಬಹುದು.

ಅನಾಥಾಲಯದ ಭಾಗವನ್ನು ಮಾತ್ರ ಯಾವ ಸಂಸ್ಥೆ ಮಾರಿದರೂ ಬೇಡ ಎನ್ನಿ. ಜಗತ್ತಿನಾದ್ಯಂತ ಇಂಥ ಮನೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದೇ ಇರುತ್ತಾರೆ. ವಿದೇಶಿ ಸ್ವಯಂಸೇವಕರ ಹಣ ಬರುವ ಕಡೆ ಮನೆ ತುಂಬಿಸಲು ಬಡವರ ಮಕ್ಕಳನ್ನು ತಂದಿಡುವ ದಂಧೆ ನೇಪಾಳ, ಕಾಂಬೋಡಿಯಾಗಳಲ್ಲಿ ಬಯಲಾಗಿದೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ಕಾನೂನು ತಂದಾಗ ಈ ಅನಾಥಾಲಯ ಸಾಗಾಣಿಕೆಯೂ ಚರ್ಚೆಗೆ ಬಂತು. ಎರಡು ವಾರಕ್ಕೊಮ್ಮೆ ಹೊಸ ಅಕ್ಕ ಅಣ್ಣಂದಿರು ಬಂದು ಮುದ್ದು ಮಾಡಿ ಮಾಯವಾದರೆ ಆ ಮಕ್ಕಳಿಗೆ ಆಗುವ ಪೆಟ್ಟು ಬೇರೆ. ನಮ್ಮ ಗುಂಪಿನ ಯಾರ ಹತ್ತಿರವೂ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಲಿಲ್ಲ. ಪಾಸ್‌ಪೋರ್ಟ್ ಸೇವಾ ಮೂಲಕ 500 ರೂಪಾಯಿಗೆ ಸಿಗುವ ಕಾಗದ ಅದು. ಅದನ್ನೂ ಕೇಳದೆ ಅಪರಿಚಿತರನ್ನು ಮಕ್ಕಳ ಕೋಣೆಗೆ ಬಿಡುವ ಜಾಗದ ಯೋಗ್ಯತೆ ಅಷ್ಟೇ.

ವಾಪಸಾಗುವಾಗ ಇನ್ನೊಂದು. ಭಾರತ ಸರ್ಕಾರದ ಹಳದಿ ಜ್ವರದ (ಯೆಲ್ಲೋ ಫೀವರ್) ದೇಶಗಳ ಪಟ್ಟಿಯಲ್ಲಿ ಪೆರು ಇದೆ. ಲಸಿಕೆಯ ಸರ್ಟಿಫಿಕೇಟ್ ಇಲ್ಲದೆ ಅಲ್ಲಿಂದ ಬಂದವರನ್ನು ಆರು ದಿನಗಳವರೆಗೆ ಕ್ವಾರಂಟೈನ್ ಮಾಡಬಹುದು. ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲೆ ಸರ್ಟಿಫಿಕೇಟ್ ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅಧಿಕೃತ ಕೇಂದ್ರದಲ್ಲೇ ಹಾಕಿಸಬೇಕು, ನಮ್ಮವರು ಬೆಂಗಳೂರಿಗೆ ಹೋಗುವ ಲೆಕ್ಕ ಇಟ್ಟುಕೊಳ್ಳಿ. ಸಂಸ್ಥೆ ಇದನ್ನು ‘ಬೇಕಿದ್ದರೆ ಹಾಕಿಸಿ’ ಎಂದಿತ್ತು. ಹಾಕಿಸದ ಇಬ್ಬರು ಬೆಂಗಳೂರು ವಿಮಾನ ನಿಲ್ದಾಣದಿಂದ ನೇರ ಮನೆಗೆ ಬರಲಿಲ್ಲ.

ಕಾಲೇಜಿನ ವಿಷಯಕ್ಕೆ ಬಂದರೆ, ‘ಒಂದೇ ಸೆಮಿಸ್ಟರ್ ತಾನೇ’ ಎಂಬ ಮಾತನ್ನು ನಂಬಬೇಡಿ. ವಿಟಿಯುನಲ್ಲಿ ಹಾಜರಿ ಶೇ. 85 ಬೇಕು. ನಾಲ್ಕನೇ ಸೆಮಿಸ್ಟರಿನ ಪಾಠ ಸಾಮಾನ್ಯವಾಗಿ ವರ್ಷಕ್ಕೊಮ್ಮೆಯೇ ನಡೆಯುವುದರಿಂದ, ಬಿಟ್ಟವರು ಮುಂದಿನ ವರ್ಷದ ಅದೇ ಸೆಮಿಸ್ಟರಿಗೆ ಕಾಯಬೇಕು. ಕುಸ್ಕೋದ ಖಾಸಗಿ ಭಾಷಾ ಶಾಲೆಯ ಕ್ರೆಡಿಟ್, ವಿದ್ಯಾರ್ಥಿಗಳ ಕ್ರೆಡಿಟ್ ಜಮಾ ಇಡುವ ಸರ್ಕಾರದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೆ ಸೇರುತ್ತದೆ ಎಂದಿದ್ದೂ ಸುಳ್ಳೇ. ಅದರಲ್ಲಿ ನೋಂದಾಯಿಸಿದ ಶಿಕ್ಷಣ ಸಂಸ್ಥೆಗಳ ಕ್ರೆಡಿಟ್ ಮಾತ್ರ ಬೀಳುತ್ತದೆ.

ಇಷ್ಟೆಲ್ಲ ಆದ ಮೇಲೆ ಕೇಳಲು ಹೋದರೆ ಉತ್ತರ ಕೊಡುವವರಿಲ್ಲ. ಬಿ.ಎಂ. ರಸ್ತೆಯ ಹೋಟೆಲಿನಲ್ಲಿ ಸೆಮಿನಾರ್ ಮಾಡಿದವರು ಕಮಿಷನ್ ಏಜೆಂಟರು, ಹಣ ಪಡೆದದ್ದು ಬೆಂಗಳೂರಿನ ಕಂಪನಿ, ಅಲ್ಲಿ ನೋಡಿಕೊಂಡದ್ದು ಕುಸ್ಕೋದ ಮೂರು ಬೇರೆ ಬೇರೆ ಪಾರ್ಟಿಗಳು. ಪಾಠ, ಸೇವೆ, ಟ್ರೆಕ್ ಎಲ್ಲವನ್ನೂ ಒಂದೇ ದರಕ್ಕೆ ಕಟ್ಟಿದ್ದರಿಂದ ಯಾವುದಕ್ಕೆ ಎಷ್ಟು ಕೊಟ್ಟಿದ್ದೆಂದೇ ಗೊತ್ತಿಲ್ಲ, ಯಾವುದು ಸಿಗಲಿಲ್ಲವೋ ಅದರ ಹಣ ವಾಪಸ್ ಕೇಳಲು ಲೆಕ್ಕವೇ ಇಲ್ಲ. ಆದ್ದರಿಂದ ಬಿಡಿಬಿಡಿಯಾಗಿ ದರ ಬರೆಸಿಕೊಳ್ಳಿ: ಗಂಟೆಗೆ ಪಾಠ ಎಷ್ಟು, ವಸತಿ ಎಷ್ಟು, ಟ್ರೆಕ್ ಎಷ್ಟು, ಅಲ್ಲಿ ನಡೆಸುವವರು ಯಾರು. ಹಾಗೆ ಬರೆದುಕೊಡಲು ಒಪ್ಪದವರ ಹತ್ತಿರ ವ್ಯವಹಾರ ಬೇಡ.

ಹಣವನ್ನು ಕಂಪನಿಯ ಖಾತೆಗೇ ಹಾಕಿ, ಯಾರದೋ ಸ್ವಂತ ಯುಪಿಐಗೆ ಬೇಡ. ಜಿಎಸ್‌ಟಿ ನಂಬರ್ ಇರುವ ಬಿಲ್ಲು ಪಡೆಯಿರಿ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಟಿಸಿಎಸ್ (ಮಾರುವಾಗಲೇ ಹಿಡಿಯುವ ತೆರಿಗೆ) ವಸೂಲು ಮಾಡಿ ನಿಮ್ಮ ಪ್ಯಾನ್ ಹೆಸರಿಗೆ ಸರ್ಕಾರಕ್ಕೆ ಕಟ್ಟಬೇಕು. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ನಿಮ್ಮ ವಾರ್ಷಿಕ ಲೆಕ್ಕ ತೋರಿಸುವ ಎಐಎಸ್‌ನಲ್ಲಿ ಅದು ಕಾಣಿಸಬೇಕು. ಈ ಗುಂಪಿನ ಪೋಷಕರಿಂದ ಟಿಸಿಎಸ್ ಎಂದು ಹಣ ಪಡೆದಿದ್ದರು, ಪೋರ್ಟಲ್‌ನಲ್ಲಿ ಒಂದು ಪೈಸೆಯೂ ಕಾಣಲಿಲ್ಲ.

ಈಗಾಗಲೇ ಸಿಕ್ಕಿಬಿದ್ದವರಿಗೆ: ಒಪ್ಪಂದದಲ್ಲಿ ‘ಬೆಂಗಳೂರು ನ್ಯಾಯಾಲಯ ಮಾತ್ರ’ ಎಂದಿದ್ದರೂ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ, ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಪೋಸ್ಟರ್, ವಾಟ್ಸಾಪ್ ಮಾತುಕತೆ, ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ಪತ್ರೆ ಬಿಲ್ಲು ಎಲ್ಲ ಜೋಡಿಸಿಕೊಳ್ಳಿ. ಪೋಸ್ಟರ್‌ನ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ, ನೋಟಿಸ್ ಹೋದ ಮೇಲೆ ಅವರು ಅದನ್ನು ಅಳಿಸುತ್ತಾರೆ.