ಮಕ್ಕಳ ವಾರ್ಡಿನ ಸಿಸ್ಟರ್‌ಗಳಿಗೆ ಐದಕ್ಕೆ ಐದು, ಆಸ್ಪತ್ರೆಗೆ ಮೂರು

ಎರಡು ವರ್ಷದ ಮಗಳಿಗೆ ನ್ಯುಮೋನಿಯಾ ಅಂತ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ಹೆಸರು ಹಾಕುತ್ತಿಲ್ಲ, ಕೆಳಗೆ ಬೈಗುಳವೂ ಇದೆ. ಡಾಕ್ಟರ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅವರು ರೌಂಡ್ಸ್‌ಗೆ ಬಂದು ಹೋದ ಮೇಲೆ ಮಗು ಇರೋದು ಸಿಸ್ಟರ್‌ಗಳ ಕೈಯಲ್ಲೇ ಅಲ್ವಾ?

ನನಗೆ ತುಂಬಾ ಹಿಡಿಸಿದ್ದು ಅವರು ಉಸಿರು ಎಣಿಸುವ ರೀತಿ. ಸುಮ್ನೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನಂಬರ್ ಬರೆದುಕೊಂಡು ಹೋಗಲಿಲ್ಲ. ಮಗು ಅಳು ನಿಲ್ಲಿಸುವವರೆಗೆ ಕಾದು, ಅಂಗಿ ಮೇಲೆತ್ತಿ, ವಾಚ್ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದರು. ಈ ವಯಸ್ಸಿಗೆ 40 ದಾಟಿದರೆ ಉಸಿರು ಜೋರಾಗಿದೆ ಅಂತ ಲೆಕ್ಕವಂತೆ. ನಮ್ಮ ಅತ್ತೆಗೂ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ತೋರಿಸಿ, "ಅಜ್ಜಿ, ಉಸಿರು ಎಳೆದಾಗ ಇಲ್ಲಿ ಗುಂಡಿ ಬಿದ್ದಂಗೆ ಕಂಡ್ರೆ ಎಷ್ಟೊತ್ತಾದ್ರೂ ಕರೀರಿ" ಅಂದರು. ಅತ್ತೆ ಆಮೇಲೆ ಪಕ್ಕದ ಬೆಡ್ಡಿನವರಿಗೂ ಪಾಠ ಶುರು ಮಾಡಿದರು, ಅದು ಬೇರೆ ಕತೆ.

ಡ್ರಿಪ್ ಸೂಜಿ ಹಾಕಿದ ಕೈಗೆ ರಟ್ಟು ಕಟ್ಟಿದ್ದರು. ಪ್ರತಿ ಸಲ ಆಂಟಿಬಯಾಟಿಕ್ ಕೊಡುವ ಮೊದಲು ಕೈ ತೊಳೆದುಕೊಂಡು ಬಂದು, ಸೂಜಿ ಹಾಕಿದ ಜಾಗ ಊದಿದೆಯಾ ಕೆಂಪಾಗಿದೆಯಾ ನೋಡಿ, ಸ್ವಲ್ಪ ಸಲೈನ್ ಬಿಟ್ಟು ಆಮೇಲೆ ನಿಧಾನಕ್ಕೆ ಔಷಧಿ ಹಾಕುತ್ತಿದ್ದರು. ಜ್ವರದ ಔಷಧಿಯೂ ತೂಕ ನೋಡಿಯೇ. ಡಿಸ್ಚಾರ್ಜ್ ದಿನ ಇನ್ನೊಂದು ವಿಷಯ ಹೇಳಿದರು. ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ, ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 250, ಹಾಗಾಗಿ ಒಂದರ ಅಳತೆಯಲ್ಲಿ ಇನ್ನೊಂದನ್ನು ಕುಡಿಸಿಬಿಟ್ಟರೆ ಡೋಸ್ ಪೂರಾ ಏರುಪೇರು. ಬಾಟಲಿ ಬದಲಾದರೆ ಲೇಬಲ್ ಓದಿ.

ಇನ್ನು ಬೈಗುಳ. ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್. ಡ್ರಿಪ್ ಖಾಲಿಯಾಗಿದೆ ಅಂತ ಕರೆಯೋಕೆ ಕಾರಿಡಾರ್ ಪೂರ್ತಿ ನಡೆಯಬೇಕು. ಅವರನ್ನು ಬೈದು ಏನು ಪ್ರಯೋಜನ, ಇನ್ನೊಬ್ಬರನ್ನು ನೇಮಿಸದ ಮ್ಯಾನೇಜ್‌ಮೆಂಟ್‌ನ ಬೈಯಬೇಕು. ಕೆಮ್ಮಿನ ಮಕ್ಕಳು, ವಾಂತಿಭೇದಿ ಮಕ್ಕಳು ಎಲ್ಲ ಒಂದೇ ಕಡೆ. ಬಾಗಿಲ ಹತ್ತಿರದ ಸ್ಯಾನಿಟೈಸರ್ ಬಾಟಲಿ ಖಾಲಿ. ವಿಸಿಟಿಂಗ್ ಟೈಮ್ ಬೋರ್ಡ್ ಇದೆ, ಕೇಳುವವರಿಲ್ಲ, ಹಿಂಡು ಹಿಂಡಾಗಿ ಬಂದು ಸಿಕ್ಕ ಮಗುವಿನ ಕೆನ್ನೆ ಹಿಂಡುತ್ತಾರೆ. ಸೋಂಕಿನ ವಾರ್ಡ್ ಕಣ್ರೀ ಇದು, ಜಾತ್ರೆಯಲ್ಲ!

ಸೇರಿಸುವುದಾದರೆ ಕಿಟಕಿ ಪಕ್ಕದ ಬೆಡ್ ಕೇಳಿ. ಪಾರ್ಕಿಂಗ್ ಇಲ್ಲ, ಆಟೋದಲ್ಲಿ ಹೋಗೋದೇ ವಾಸಿ.