ಶಿಫ್ಟ್ ಬುಕ್ ಬರೆಯಲು ಕಲಿಸುವ ಶನಿವಾರದ ತರಗತಿ: ಹೋಗಿ ಬಂದವನ ಅನಿಸಿಕೆ

ನಾನು ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಶಿಫ್ಟ್ ಇನ್‌ಚಾರ್ಜ್. ನಮ್ಮ ಕೆಲಸದಲ್ಲಿ ಬರವಣಿಗೆ ಅಂದರೆ ಶಿಫ್ಟ್ ಬುಕ್ (ಮುಂದಿನ ಶಿಫ್ಟಿನವರಿಗೆ ಬರೆದಿಡುವ ಪುಸ್ತಕ), ವರ್ಕ್ ಪರ್ಮಿಟ್ (ಮೆಷಿನ್ ಕೆಲಸಕ್ಕೆ ಕೊಡುವ ಲಿಖಿತ ಅನುಮತಿ), ಸ್ಟೋರ್ಸ್‌ಗೆ ಇಂಡೆಂಟ್ (ಸಾಮಾನು ಬೇಕೆಂದು ಕೊಡುವ ಚೀಟಿ), ಆಗೊಮ್ಮೆ ಈಗೊಮ್ಮೆ ಒಂದು ಮೇಲ್. ಇದನ್ನೇ ಕಲಿಸುವ ಒಂದು ದಿನದ ತರಗತಿ ನಮ್ಮ ಏರಿಯಾದಲ್ಲೇ ಇದೆ ಎಂದು ಗೊತ್ತಾಗಿ ಸೇರಿಕೊಂಡೆ. ಫೀಸು 1,800 ರೂಪಾಯಿ, ಮಧ್ಯಾಹ್ನದ ಊಟ ಸೇರಿ. ಕಲಿಸುವವರು ಪ್ಲಾಂಟ್ ಎಂಜಿನಿಯರ್ ಆಗಿ ರಿಟೈರ್ ಆದವರು. ಪಾಠ ಪೂರ್ತಿ ಕನ್ನಡದಲ್ಲಿ.

ಕಮ್ಯುನಿಕೇಶನ್ ಸ್ಕಿಲ್ಸ್ ಅಂತ ಕಂಪನಿಗಳಲ್ಲಿ ನಡೆಸುವ ಕ್ಲಾಸುಗಳಲ್ಲಿ ಇಂಗ್ಲಿಷ್ ಗ್ರಾಮರ್, ಮೇಲ್‌ನ ಕೊನೆಯಲ್ಲಿ ಏನು ಬರೆಯಬೇಕು, ಇಂಥದ್ದೇ ಜಾಸ್ತಿ. ಇಲ್ಲಿ ಹಾಗಲ್ಲ. ಬರುವಾಗಲೇ ನಮ್ಮ ಶಿಫ್ಟ್ ಬುಕ್ಕಿನ ಎರಡು ಪುಟ ಜೆರಾಕ್ಸ್ ಮಾಡಿಸಿ, ಕಂಪನಿ ಹೆಸರು ಮುಚ್ಚಿ ತರಬೇಕು. ಬೆಳಿಗ್ಗೆ ಆ ಪುಟಗಳನ್ನೆಲ್ಲ ಅದಲು ಬದಲು ಮಾಡಿ ಹಂಚಿದರು. "ಈಗ ನೀವು ನೈಟ್ ಶಿಫ್ಟ್‌ಗೆ ಬಂದಿದ್ದೀರಿ. ಬರೆದವರು ಫೋನ್ ತೆಗೆಯುತ್ತಿಲ್ಲ. ಏನು ಮಾಡ್ತೀರಿ, ಹೇಳಿ" ಅಂದರು.

ನನ್ನ ಕೈಗೆ ಬಂದ ಪುಟದಲ್ಲಿ ಇದ್ದದ್ದು ಇಷ್ಟು: "ಕಂಪ್ರೆಸರ್ ನೋಡಿದೆ. ಸೌಂಡ್ ಇದೆ. ಗಮನಿಸುವುದು." ಯಾವ ಕಂಪ್ರೆಸರ್? ಓಡಿಸಬಹುದಾ, ಬೇಡವಾ? ಗಮನಿಸಬೇಕಾದವರು ಯಾರು? ಬರೆದವರು ಪಕ್ಕದ ಸಾಲಿನಲ್ಲೇ ಇದ್ದರು. ಅವರನ್ನು ಕೇಳಿ ಕೇಳಿ ತಿದ್ದಿದ ಮೇಲೆ ಹೀಗಾಯಿತು: "2ನೇ ಕಂಪ್ರೆಸರ್ ಚಾಲೂ ಮಾಡಬೇಡಿ. ಮೋಟಾರ್ ಕಡೆಯ ಬೇರಿಂಗ್ ಶಬ್ದ ಮಾಡುತ್ತಿದೆ, ಬಿಸಿಯಾಗುತ್ತಿದೆ. ಮೇನ್ ಸ್ವಿಚ್‌ಗೆ ಬೀಗ ಹಾಕಿದೆ, ಕೀ ನನ್ನ ಹತ್ತಿರ. ಬೇರಿಂಗ್ ಸ್ಟೋರ್ಸ್‌ನಲ್ಲಿ ಇಲ್ಲ, ಇಂಡೆಂಟ್ ಕೊಟ್ಟಿದೆ. ಅಲ್ಲಿಯವರೆಗೆ 1ನೇ ಕಂಪ್ರೆಸರ್ ಓಡಿಸಿ." ಮಾಡಬಾರದ್ದು ಮೊದಲ ಸಾಲಿನಲ್ಲಿ. ಕಾರಣ ಆಮೇಲೆ. ಹೀಗೆ ಬರೆಯಲು ಎರಡು ನಿಮಿಷ ಹಿಡಿಯುತ್ತದೆ, ಇಂಗ್ಲಿಷೂ ಬೇಕಿಲ್ಲ.

ಊಟದ ನಂತರ ಪೈಪರ್ ಆಲ್ಫಾ ವಿಷಯ ತೆಗೆದರು. ಬ್ರಿಟನ್ನಿನ ಉತ್ತರ ಸಮುದ್ರದಲ್ಲಿದ್ದ ತೈಲ ಮತ್ತು ಗ್ಯಾಸ್ ಪ್ಲಾಟ್‌ಫಾರ್ಮ್ ಅದು. 1988ರ ಜುಲೈ 6ರಂದು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ ರಿಪೇರಿಗೆ ಒಯ್ದಿದ್ದರು. ಆ ಜಾಗಕ್ಕೆ ಬರೀ ಒಂದು ಮುಚ್ಚಳದ ಫ್ಲ್ಯಾಂಜ್ ಕೂರಿಸಿದ್ದರು. ಸಂಜೆ ಶಿಫ್ಟ್ ಬದಲಾಯಿತು. ವಾಲ್ವ್ ಇಲ್ಲ ಅನ್ನುವ ಮಾತು ಮುಂದಿನವರಿಗೆ ಮುಟ್ಟಲಿಲ್ಲ. ರಾತ್ರಿ ಇನ್ನೊಂದು ಪಂಪ್ ನಿಂತಾಗ ಅವರಿಗೆ ಸಿಕ್ಕಿದ್ದು ಮೊದಲ ಪಂಪಿನ ಓವರ್‌ಹಾಲ್ (ಪೂರ್ತಿ ಬಿಚ್ಚಿ ರಿಪೇರಿ) ಪರ್ಮಿಟ್ ಮಾತ್ರ. ಆ ಕೆಲಸ ಶುರುವೇ ಆಗಿರಲಿಲ್ಲ, ಹಾಗಾಗಿ ಪಂಪ್ ಓಡಿಸಬಹುದು ಅಂದುಕೊಂಡರು. ವಾಲ್ವಿನದು ಬೇರೆಯೇ ಪರ್ಮಿಟ್, ಅದು ಅವರ ಕಣ್ಣಿಗೆ ಬೀಳಲಿಲ್ಲ. ಪಂಪ್ ಚಾಲೂ ಮಾಡಿದರು. ಆ ಮುಚ್ಚಳದ ಕಡೆಯಿಂದ ಗ್ಯಾಸ್ ಸೋರಿ ಸ್ಫೋಟವಾಯಿತು. 167 ಜನ ಸತ್ತರು. ಸಾವು ಅಷ್ಟಾಗಲು ಬೇರೆ ಕಾರಣಗಳೂ ಇದ್ದವು, ಅದನ್ನೂ ಸರ್ ಬಿಡದೆ ಹೇಳಿದರು. ಲಾರ್ಡ್ ಕಲೆನ್ ಅವರ ತನಿಖೆ 106 ಶಿಫಾರಸು ಕೊಟ್ಟಿತು. ಪರ್ಮಿಟ್ ವ್ಯವಸ್ಥೆಯನ್ನು ಬಿಗಿ ಮಾಡಬೇಕು ಅನ್ನುವುದೂ ಅದರಲ್ಲಿತ್ತು. ಇದನ್ನು ಕೇಳಿದ ಮೇಲೆ ಒಂದೇ ಮೆಷಿನ್ನಿನ ಎರಡು ಪರ್ಮಿಟ್‌ಗಳಲ್ಲಿ ಒಂದರ ನಂಬರ್ ಇನ್ನೊಂದರ ಮೇಲೆ ಬರೆಯುವ ಅಭ್ಯಾಸವನ್ನು ಯಾರೂ ಸುಮ್ನೆ ಕಾಟ ಅಂದುಕೊಳ್ಳಲಿಲ್ಲ.

ವಾಟ್ಸಾಪ್ ಬಗ್ಗೆ ಅವರು ಹೇಳಿದ್ದೂ ನನಗೆ ಪೂರ್ತಿ ಒಪ್ಪಿಗೆ. ಗ್ರೂಪಿಗೆ ಫೋಟೋ ಹಾಕಿ, ಆದರೆ ಪುಸ್ತಕದಲ್ಲಿ ಬರೆಯದೆ ಮನೆಗೆ ಹೋಗಬೇಡಿ. ವಾಯ್ಸ್ ಮೆಸೇಜನ್ನು ಮೆಷಿನ್ ಸದ್ದಿನಲ್ಲಿ ಯಾರು ಕೇಳ್ತಾರೆ? ಮಾರನೇ ವಾರ ಹುಡುಕಿದರೆ ಸಿಗುತ್ತದಾ?

ಕೊರತೆಗಳೂ ಇವೆ. ಮೇಲ್ ಬರೆಯುವ ಭಾಗವನ್ನು ಕೊನೆಗೆ ಇಟ್ಟುಕೊಂಡು ಓಡಿಸಿಬಿಟ್ಟರು. ಸಪ್ಲೈಯರ್‌ಗೆ ದೂರು ಬರೆಯುವುದು, ಮ್ಯಾನೇಜರ್ ಹತ್ತಿರ ಸ್ಪೇರ್ಸ್ ಕೇಳುವುದು ನಮಗೆ ಬೇಕಾದ ವಿಷಯ ಅಲ್ವಾ? ಅದಕ್ಕೆ ಅರ್ಧ ಗಂಟೆ ಸಾಲದು. ಮಾತು ಕನ್ನಡದಲ್ಲಿದ್ದರೂ ಕೊಟ್ಟ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿವೆ. ನನ್ನ ಪಕ್ಕದಲ್ಲಿದ್ದ ಫಿಟ್ಟರ್ ಅಣ್ಣ ಎಲ್ಲವನ್ನೂ ತಮ್ಮ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಬೇಕಾಯಿತು. ನಮ್ಮ ಜೊತೆ ಒಡಿಶಾ, ಬಿಹಾರದ ಹುಡುಗರೂ ಕೆಲಸ ಮಾಡುತ್ತಾರೆ. ಅವರು ಓದುವ ಪುಸ್ತಕವನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗಲಿಲ್ಲ. ನಾನಂತೂ ಮೆಷಿನ್ ನಂಬರ್ ದೊಡ್ಡದಾಗಿ ಬರೆದು, "ಬಂದ್" ಅನ್ನುವುದನ್ನು ಕೆಂಪು ಪೆನ್ನಿನಲ್ಲಿ ಹಾಕಿ, ಎದುರಿಗೆ ನಿಂತು ಬಾಯಲ್ಲೂ ಹೇಳುತ್ತೇನೆ. ಕೇಳಿದವರು ತಿರುಗಿ ಹೇಳಬೇಕು, ಆಮೇಲೆ ಸಹಿ.

ಆಫೀಸಿನಲ್ಲಿ ಕೂತು ಬರೀ ಮೇಲ್ ಬರೆಯುವವರಿಗೆ ಈ ತರಗತಿ ಬೇಡ. ಶಿಫ್ಟ್‌ನಲ್ಲಿ ಕೆಲಸ ಮಾಡುವ ಸೂಪರ್‌ವೈಸರ್, ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳಿಗೆ 1,800 ರೂಪಾಯಿ ಖಂಡಿತ ಜಾಸ್ತಿ ಅಲ್ಲ. ಒಬ್ಬರೇ ಹೋಗುವುದಕ್ಕಿಂತ ನಿಮ್ಮಿಂದ ಶಿಫ್ಟ್ ತೆಗೆದುಕೊಳ್ಳುವವರನ್ನೂ ಕರೆದುಕೊಂಡು ಹೋಗಿ. ನಮ್ಮ ಎಲೆಕ್ಟ್ರಿಷಿಯನ್‌ಗಳನ್ನು ಮುಂದಿನ ಬ್ಯಾಚಿಗೆ ಕಳಿಸಿ ಎಂದು ಮ್ಯಾನೇಜರ್‌ಗೆ ಬರೆದು ಕೊಟ್ಟಿದ್ದೇನೆ.